ಶಿಫ್ಟ್ ಡಿಲೀಟ್ ಒತ್ತಿದ ಮೇಲೆ ಫೈಲು ಮರಳಿ ಸಿಗುತ್ತದೆಯೇ?

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿದ್ದ ಒಂದು ಫೋಲ್ಡರನ್ನು ಬೇಡವೆಂದುಕೊಂಡು ಶಿಫ್ಟ್ ಮತ್ತು ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಅಳಿಸಿಬಿಟ್ಟೆ. ರೀಸೈಕಲ್ ಬಿನ್‌ನಲ್ಲಿ ಅದು ಇಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿಕೊಂಡರೆ ಎಲ್ಲವೂ ಸಿಗುತ್ತದೆಂದು ಒಬ್ಬರು ಹೇಳಿದರೆ, ಈಗಿನ ಕಂಪ್ಯೂಟರುಗಳಲ್ಲಿ ಅದು ಸಾಧ್ಯವೇ ಇಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ? ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ಇಬ್ಬರ ಮಾತೂ ಸರಿಯೇ, ಆದರೆ ಅವರು ಬೇರೆ ಬೇರೆ ಬಗೆಯ ಡಿಸ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ. ಅಳಿಸಿದ ಫೈಲು ಸಿಗುವುದೋ ಇಲ್ಲವೋ ಎಂಬುದು ಅದು ಯಾವ ಬಗೆಯ ಡಿಸ್ಕಿನ ಮೇಲಿತ್ತು, ಅಳಿಸಿದ ಗಳಿಗೆಯಿಂದ ಈವರೆಗೆ ಆ ಡಿಸ್ಕಿನ ಮೇಲೆ ಹೊಸದಾಗಿ ಏನೇನು ಬರೆಯಲಾಗಿದೆ ಎಂಬ ಎರಡು ಸಂಗತಿಗಳನ್ನು ಅವಲಂಬಿಸಿದೆ. ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆಗೆ ಮೂರನೆಯ ಸ್ಥಾನ. ಹೆಚ್ಚಿನವರು ಅದನ್ನೇ ಮೊದಲು ಕೇಳಿ, ಸಿಕ್ಕಿದ್ದನ್ನು ಆತುರದಿಂದ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಿ, ಉಳಿದಿದ್ದ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಈ ಉತ್ತರವನ್ನು ನೀವು ಅದೇ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದರೆ, ಅದನ್ನು ಶಟ್‌ಡೌನ್ ಮಾಡಿ ಉಳಿದದ್ದನ್ನು ಫೋನಿನಲ್ಲಿ ಓದುವುದು ಮೇಲು. ಬ್ರೌಸರ್ ತೆರೆದಿರುವಷ್ಟು ಹೊತ್ತೂ ತನ್ನ ಕ್ಯಾಶ್ ಫೈಲುಗಳನ್ನು, ಅಂದರೆ ತಾತ್ಕಾಲಿಕ ನಕಲುಗಳನ್ನು, ಆ ಡಿಸ್ಕಿನ ಖಾಲಿ ಜಾಗದಲ್ಲಿ ಬರೆಯುತ್ತಲೇ ಇರುತ್ತದೆ.

ಅಳಿಸುವುದೆಂದರೆ ಕಂಪ್ಯೂಟರ್ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ತಿಳಿದರೆ ಮುಂದಿನದೆಲ್ಲ ಸುಲಭವಾಗುತ್ತದೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡಲು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲಿಗೂ ಮಾಸ್ಟರ್ ಫೈಲ್ ಟೇಬಲ್ ಎಂಬ ಕೋಷ್ಟಕದಲ್ಲಿ ಒಂದು ದಾಖಲೆ ಇರುತ್ತದೆ. ಸಾಮಾನ್ಯವಾಗಿ 1,024 ಬೈಟುಗಳಷ್ಟು ಉದ್ದದ ಆ ದಾಖಲೆಯಲ್ಲಿ ಫೈಲಿನ ಹೆಸರು, ದಿನಾಂಕಗಳು ಮತ್ತು ಅದರ ಒಳಗಿನ ಮಾಹಿತಿ ಡಿಸ್ಕಿನ ಯಾವ ಯಾವ ಕ್ಲಸ್ಟರುಗಳಲ್ಲಿ, ಅಂದರೆ ಸಣ್ಣ ಸಣ್ಣ ಖಾನೆಗಳಲ್ಲಿ, ಹಂಚಿಹೋಗಿದೆ ಎಂಬ ವಿವರ ಇರುತ್ತವೆ. ಶಿಫ್ಟ್ ಡಿಲೀಟ್ ಒತ್ತಿದಾಗ ವಿಂಡೋಸ್ ಆ ದಾಖಲೆಯನ್ನು ಬಳಕೆಯಲ್ಲಿಲ್ಲವೆಂದು ಗುರುತಿಸಿ, ಅದಕ್ಕೆ ಸೇರಿದ್ದ ಕ್ಲಸ್ಟರುಗಳನ್ನು ಖಾಲಿ ಜಾಗದ ಲೆಕ್ಕಕ್ಕೆ ಸೇರಿಸುತ್ತದೆ, ಅಷ್ಟೆ. ಕ್ಲಸ್ಟರುಗಳೊಳಗಿನ ಮಾಹಿತಿಯನ್ನು ಒರೆಸಿಹಾಕುವ ಗೋಜಿಗೆ ಅದು ಹೋಗುವುದಿಲ್ಲ. 4 ಜಿಬಿಯ ವಿಡಿಯೊ ಒಂದನ್ನು ಹಾಗೆ ಒರೆಸಬೇಕಾದರೆ 4 ಜಿಬಿಯಷ್ಟು ಸೊನ್ನೆಗಳನ್ನು ಅದರ ಮೇಲೆ ಬರೆಯಬೇಕಾಗುತ್ತದೆ. ನಕಲು ಮಾಡಲು ನಿಮಿಷಗಟ್ಟಲೆ ಹಿಡಿಯುವ ಫೈಲು ಅಳಿಸುವಾಗ ಕಣ್ಣುಮಿಟುಕಿಸುವಷ್ಟರಲ್ಲಿ ಮಾಯವಾಗುವುದು ಇದೇ ಕಾರಣಕ್ಕೆ. ರಿಕವರಿ ಸಾಫ್ಟ್‌ವೇರ್ ಎನ್ನುವುದು ಬಳಕೆಯಲ್ಲಿಲ್ಲವೆಂಬ ಗುರುತಿರುವ ಇಂಥ ದಾಖಲೆಗಳನ್ನು ಹುಡುಕಿ, ಅವು ತೋರಿಸುವ ಕ್ಲಸ್ಟರುಗಳನ್ನು ಓದಿ ಬೇರೆಡೆಗೆ ಬರೆದುಕೊಡುತ್ತದೆ.

ತಿರುಗುವ ತಟ್ಟೆಗಳಿರುವ ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಈ ವಿವರಣೆ ಬಹುಮಟ್ಟಿಗೆ ಹಾಗೆಯೇ ಅನ್ವಯಿಸುತ್ತದೆ. ಆ ಕ್ಲಸ್ಟರುಗಳ ಮೇಲೆ ಬೇರೆ ಫೈಲು ಬಂದು ಕೂರುವವರೆಗೆ ಹಳೆಯ ಮಾಹಿತಿ ಉಳಿದಿರುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ. ನಿಮಗೆ ಎಲ್ಲವೂ ಸಿಗುತ್ತದೆಂದು ಹೇಳಿದವರ ಅನುಭವ ಇಂಥ ಡಿಸ್ಕಿನದ್ದಾಗಿರಬೇಕು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ತಿರುಗುವ ಭಾಗಗಳಿಲ್ಲದೆ ಫ್ಲ್ಯಾಶ್ ಮೆಮೊರಿ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ, ಮತ್ತು ಅಲ್ಲಿ ಕಥೆ ಬೇರೆ. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯ ಮಾಹಿತಿಯ ಮೇಲೆ ನೇರವಾಗಿ ಹೊಸದನ್ನು ಬರೆಯಲು ಬರುವುದಿಲ್ಲ. ಮೊದಲು ಒಂದು ದೊಡ್ಡ ಖಂಡವನ್ನೇ ಪೂರ್ತಿ ಅಳಿಸಿ, ಆಮೇಲೆ ಬರೆಯಬೇಕು. ಬರೆಯುವ ಹೊತ್ತಿಗೆ ಈ ಕೆಲಸ ಮಾಡಹೊರಟರೆ ವೇಗ ಕುಸಿಯುತ್ತದೆಂಬ ಕಾರಣಕ್ಕೆ, ಯಾವ ಜಾಗ ಇನ್ನು ಬೇಡ ಎಂಬುದನ್ನು ಆಪರೇಟಿಂಗ್ ಸಿಸ್ಟಮ್ ಡಿಸ್ಕಿಗೆ ಮುಂಚಿತವಾಗಿಯೇ ತಿಳಿಸುವ ಟ್ರಿಮ್ ಎಂಬ ಆದೇಶವನ್ನು ರೂಪಿಸಲಾಯಿತು. ವಿಂಡೋಸ್ 7 ಬಂದ 2009ರಿಂದ ವಿಂಡೋಸ್ ಇದನ್ನು ತಾನಾಗಿಯೇ ಮಾಡುತ್ತದೆ. ಅಂದರೆ ನೀವು ಫೈಲನ್ನು ಅಳಿಸಿದ ಬೆನ್ನಲ್ಲೇ ಅದರ ಜಾಗದ ವಿವರ ಎಸ್‌ಎಸ್‌ಡಿಯ ಓದು-ಬರಹವನ್ನು ನಿಯಂತ್ರಿಸುವ ಚಿಪ್ಪಾದ ಕಂಟ್ರೋಲರಿಗೆ ತಲುಪುತ್ತದೆ. ಆ ಬಳಿಕ ಆ ಜಾಗವನ್ನು ಓದಲು ಹೋದರೆ ಹೆಚ್ಚಿನ ಎಸ್‌ಎಸ್‌ಡಿಗಳು ಬರೀ ಸೊನ್ನೆಗಳನ್ನು ಹಿಂತಿರುಗಿಸುತ್ತವೆ. ಎಷ್ಟೇ ಬೆಲೆಯ ರಿಕವರಿ ಸಾಫ್ಟ್‌ವೇರ್ ಆದರೂ ಕಂಟ್ರೋಲರ್ ಕೊಟ್ಟದ್ದನ್ನು ಮಾತ್ರ ಓದಬಲ್ಲದು. ಸಾಲದ್ದಕ್ಕೆ, ವಿಂಡೋಸ್‌ನ ಆಪ್ಟಿಮೈಸ್ ಡ್ರೈವ್ಸ್ ಎಂಬ ಸೌಲಭ್ಯ ಸಾಮಾನ್ಯವಾಗಿ ವಾರಕ್ಕೊಮ್ಮೆ ಇಡೀ ಖಾಲಿ ಜಾಗಕ್ಕೆ ಮತ್ತೊಮ್ಮೆ ಟ್ರಿಮ್ ಕಳುಹಿಸುತ್ತದೆ. ಆದ್ದರಿಂದ ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದು ಎಸ್‌ಎಸ್‌ಡಿ ಆಗಿದ್ದರೆ, ಡಿಸ್ಕಿನೊಳಗೆ ಹುಡುಕುವುದಕ್ಕಿಂತ ಬೇರೆಡೆ ಉಳಿದಿರಬಹುದಾದ ನಕಲುಗಳನ್ನು ಹುಡುಕುವುದೇ ವಿವೇಕ.

ಯಾವ ಬಗೆಯ ಡಿಸ್ಕೆಂದು ಗೊತ್ತಿಲ್ಲದಿದ್ದರೆ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯನ್ನು ಫೋನಿನಲ್ಲಿ ಹುಡುಕಿ ನೋಡಬಹುದು. ಯಂತ್ರ ಇನ್ನೂ ಚಾಲೂ ಇದ್ದರೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕಿನ ಹೆಸರಿನ ಕೆಳಗೆ ಅದರ ಬಗೆಯೂ ಬರೆದಿರುತ್ತದೆ.

ನಕಲುಗಳ ಹುಡುಕಾಟವನ್ನು ಡಿಸ್ಕಿನ ಬಗೆ ಯಾವುದೇ ಇರಲಿ ಮೊದಲು ಮಾಡಬೇಕು, ಮತ್ತು ಅದನ್ನು ಬೇರೆ ಯಂತ್ರದಿಂದಲೇ ಮಾಡಬೇಕು. ಅಳಿಸಿದ ಫೋಲ್ಡರ್ ಒನ್‌ಡ್ರೈವ್, ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್‌ಗೆ ಸಿಂಕ್ ಆಗುತ್ತಿದ್ದರೆ, ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗಿರುತ್ತದೆ ನಿಜ, ಆದರೆ ಅಲ್ಲಿ ಅದು ಆ ಸೇವೆಯ ಕಸದ ಬುಟ್ಟಿಗೆ ಹೋಗಿರುತ್ತದೆಯೇ ಹೊರತು ಕೂಡಲೇ ನಾಶವಾಗುವುದಿಲ್ಲ. ಗೂಗಲ್ ಡ್ರೈವ್ ಅದನ್ನು 30 ದಿನ ಇಟ್ಟುಕೊಂಡಿರುತ್ತದೆ. ವೈಯಕ್ತಿಕ ಒನ್‌ಡ್ರೈವ್ ಖಾತೆಯಲ್ಲಿಯೂ 30 ದಿನ, ಕಚೇರಿ ಅಥವಾ ಶಾಲೆಯ ಖಾತೆಯಲ್ಲಿ ಸಾಮಾನ್ಯವಾಗಿ 93 ದಿನ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದ ಚಿತ್ರಗಳು ಬುಟ್ಟಿಯಲ್ಲಿ 60 ದಿನ ಉಳಿಯುತ್ತವೆ. ವಿಂಡೋಸ್‌ನ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳು ತಮಗೆ ತಿಳಿಯದಂತೆಯೇ ಒನ್‌ಡ್ರೈವ್‌ಗೆ ಜೋಡಣೆಯಾಗಿರುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ; ಬಳಸುವುದೇ ಇಲ್ಲವೆಂದುಕೊಂಡಿದ್ದರೂ ಒಮ್ಮೆ ಅದರ ಜಾಲತಾಣಕ್ಕೆ ಲಾಗಿನ್ ಆಗಿ ರೀಸೈಕಲ್ ಬಿನ್ ನೋಡುವುದರಿಂದ ನಷ್ಟವೇನಿಲ್ಲ. ಅದೇ ರೀತಿ ಯಾರಿಗಾದರೂ ಇಮೇಲ್‌ನಲ್ಲಿ ಕಳುಹಿಸಿದ ಫೈಲು ಸೆಂಟ್ ಪೆಟ್ಟಿಗೆಯಲ್ಲಿ, ವಾಟ್ಸಾಪ್‌ನಲ್ಲಿ ಕಳುಹಿಸಿದ್ದು ಆ ಸಂಭಾಷಣೆಯಲ್ಲಿ ಇದ್ದೀತು. ವಿಂಡೋಸ್‌ನ ಬ್ಯಾಕಪ್ ಸೌಲಭ್ಯವಾದ ಫೈಲ್ ಹಿಸ್ಟರಿಯನ್ನು ಈ ಮೊದಲೇ ಚಾಲೂ ಮಾಡಿದ್ದರೆ, ಆ ಫೋಲ್ಡರಿದ್ದ ಮೇಲಿನ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಪ್ರೀವಿಯಸ್ ವರ್ಷನ್ಸ್ ನೋಡಬಹುದು. ಇದಕ್ಕೆ ಮಾತ್ರ ಅದೇ ಲ್ಯಾಪ್‌ಟಾಪನ್ನು ತೆರೆಯಬೇಕಾಗುವುದರಿಂದ, ಉಳಿದೆಡೆ ಹುಡುಕಿದ ಮೇಲೆ ಇದಕ್ಕೆ ಬರುವುದು ಲೇಸು.

ನಕಲು ಎಲ್ಲಿಯೂ ಇಲ್ಲ, ಡಿಸ್ಕು ಹಳೆಯ ಮಾದರಿಯ ಹಾರ್ಡ್ ಡಿಸ್ಕೇ ಎಂದು ಖಚಿತವಾದರೆ ರಿಕವರಿ ಸಾಫ್ಟ್‌ವೇರಿನ ಸರದಿ. ಇಲ್ಲಿ ಪಾಲಿಸಲೇಬೇಕಾದ ನಿಯಮ ಒಂದೇ: ಫೈಲು ಕಳೆದುಹೋದ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು. ಸಾಫ್ಟ್‌ವೇರನ್ನು ಬೇರೆ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಿಂದ ನಡೆಸಬೇಕು, ಸಿಕ್ಕ ಫೈಲುಗಳನ್ನು ಹೊರಗಿನ ಇನ್ನೊಂದು ಡಿಸ್ಕಿಗೆ ಉಳಿಸಬೇಕು. ಅಳಿಸಿದ್ದು ವಿಂಡೋಸ್ ಇರುವ ಸಿ ಡ್ರೈವ್‌ನಿಂದಲೇ ಆಗಿದ್ದರೆ, ವಿಂಡೋಸ್ ತೆರೆದುಕೊಳ್ಳುವುದೂ ಬರೆಯುವ ಕೆಲಸವೇ. ಆದುದರಿಂದ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸುವುದು, ಇಲ್ಲವೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ತೆರೆದು ಕೆಲಸ ಮಾಡುವುದು ಉತ್ತಮ. ಡಿಸ್ಕು ಡಿ ಅಥವಾ ಇ ಎಂದು ಬೇರೆ ವಿಭಾಗಗಳಾಗಿದ್ದು, ಅಳಿಸಿದ್ದು ಅವುಗಳಲ್ಲೊಂದರಿಂದ ಆಗಿದ್ದರೆ ಇಷ್ಟು ಕಷ್ಟಪಡಬೇಕಿಲ್ಲ.

ಸಾಫ್ಟ್‌ವೇರುಗಳ ಹುಡುಕಾಟದಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಮೇಲೆ ಹೇಳಿದ ಕೋಷ್ಟಕದ ದಾಖಲೆಗಳನ್ನು ಓದುವ ದಾರಿ. ಇದರಲ್ಲಿ ಫೈಲಿನ ಹೆಸರು, ಫೋಲ್ಡರ್, ದಿನಾಂಕ ಎಲ್ಲವೂ ಹಾಗೆಯೇ ಸಿಗುತ್ತವೆ. ರೆಕುವಾ ಮುಖ್ಯವಾಗಿ ಹೀಗೆ ಕೆಲಸ ಮಾಡುತ್ತದೆ. ದಾಖಲೆಯೇ ಹೋಗಿದ್ದರೆ ಎರಡನೆಯ ದಾರಿ: ಡಿಸ್ಕಿನ ಆರಂಭದಿಂದ ಕೊನೆಯವರೆಗೆ ಓದುತ್ತ ಹೋಗಿ ಫೈಲುಗಳ ತಲೆಭಾಗದ ಗುರುತುಗಳನ್ನು ಹುಡುಕುವುದು. ಜೆಪೆಗ್ ಚಿತ್ರಗಳು ಯಾವಾಗಲೂ ಒಂದೇ ಬಗೆಯ ಬೈಟುಗಳಿಂದ ಆರಂಭವಾಗುತ್ತವೆ, ಪಿಡಿಎಫ್ ಫೈಲಿನ ಮೊದಲಲ್ಲಿ ಶೇಕಡಾ ಚಿಹ್ನೆಯೂ ಪಿಡಿಎಫ್ ಎಂಬ ಮೂರು ಅಕ್ಷರಗಳೂ ಇರುತ್ತವೆ. ಫೋಟೊರೆಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದರಲ್ಲಿ ಪಳಗಿದ್ದು, ಹೆಸರಿನಲ್ಲಿ ಫೋಟೊ ಇದ್ದರೂ ನೂರಾರು ಬಗೆಯ ಫೈಲುಗಳನ್ನು ಗುರುತಿಸುತ್ತದೆ. ಈ ದಾರಿಯಲ್ಲಿ ಹೆಸರುಗಳು ಸಿಗುವುದಿಲ್ಲ. ಸಾವಿರಾರು ಫೈಲುಗಳು ಬರೀ ಸಂಖ್ಯೆಗಳಾಗಿ ಕೈಗೆ ಬಂದು, ಅವುಗಳಲ್ಲಿ ನಿಮ್ಮದು ಯಾವುದೆಂದು ಒಂದೊಂದಾಗಿ ತೆರೆದು ನೋಡುವ ಕೆಲಸ ಉಳಿಯುತ್ತದೆ. ಫೈಲು ಡಿಸ್ಕಿನಲ್ಲಿ ಚೂರುಚೂರಾಗಿ ಹಂಚಿಹೋಗಿದ್ದರೆ ಮೊದಲ ಚೂರಷ್ಟೇ ಸರಿಯಾಗಿ ಬರುವುದೂ ಉಂಟು. ಮೈಕ್ರೋಸಾಫ್ಟ್ 2020ರಲ್ಲಿ ಬಿಡುಗಡೆ ಮಾಡಿದ ವಿಂಡೋಸ್ ಫೈಲ್ ರಿಕವರಿ ಎರಡೂ ದಾರಿಗಳನ್ನು ಬಲ್ಲದು ಮತ್ತು ಉಚಿತ, ಆದರೆ ಆದೇಶಗಳನ್ನು ಟೈಪ್ ಮಾಡಿಯೇ ನಡೆಸಬೇಕು. ಅದೂ ಸಹ ಸಿಕ್ಕಿದ್ದನ್ನು ಬೇರೆ ಡ್ರೈವ್‌ಗೇ ಉಳಿಸುವಂತೆ ಒತ್ತಾಯಿಸುತ್ತದೆ.

ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಇವುಗಳ ಉಚಿತ ಆವೃತ್ತಿ ಡಿಸ್ಕನ್ನು ಜಾಲಾಡಿ, ಕಳೆದುಹೋದ ಫೈಲುಗಳ ಉದ್ದನೆಯ ಪಟ್ಟಿಯನ್ನು ಮುಂದಿಟ್ಟು, ಉಳಿಸಿಕೊಳ್ಳಬೇಕಾದರೆ ಹಣ ಕಟ್ಟಿ ಎನ್ನುತ್ತದೆ. ಪಟ್ಟಿಯಲ್ಲಿ ನಿಮ್ಮ ಫೈಲಿನ ಹೆಸರೂ ಗಾತ್ರವೂ ಸರಿಯಾಗಿ ಕಂಡಿತೆಂದ ಮಾತ್ರಕ್ಕೆ ಫೈಲು ಬದುಕಿದೆ ಎಂದು ತಿಳಿಯಬಾರದು. ಹೆಸರು ಮತ್ತು ಗಾತ್ರ ಬರುವುದು ಕೋಷ್ಟಕದ ದಾಖಲೆಯಿಂದ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಆದ ಮೇಲೂ ಆ ದಾಖಲೆ ಉಳಿದಿರುತ್ತದೆ, ಹೋಗಿರುವುದು ಒಳಗಿನ ಮಾಹಿತಿ. ಹಣ ಕಟ್ಟುವ ಮುನ್ನ ಪ್ರಿವ್ಯೂ ತೆರೆದು ಚಿತ್ರವಾದರೆ ಚಿತ್ರ, ಬರಹವಾದರೆ ಬರಹ ಕಾಣುತ್ತದೆಯೇ ಎಂದು ನೋಡಬೇಕು. ಪ್ರಿವ್ಯೂ ಸೌಲಭ್ಯವೇ ಇಲ್ಲದ ಸಾಫ್ಟ್‌ವೇರಿಗೆ ಹಣ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪೆನ್‌ಡ್ರೈವ್ ಮತ್ತು ಕ್ಯಾಮೆರಾದ ಮೆಮೊರಿ ಕಾರ್ಡುಗಳ ವಿಷಯವನ್ನೂ ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಅವುಗಳ ಬಗ್ಗೆಯೂ ಮತ್ತೆ ಮತ್ತೆ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಬರೀ ಡಿಲೀಟ್ ಒತ್ತಿದರೂ ಫೈಲು ರೀಸೈಕಲ್ ಬಿನ್‌ಗೆ ಹೋಗದೆ ನೇರವಾಗಿ ಅಳಿಯುವುದೇ ಸಾಮಾನ್ಯ. ಇವೂ ಫ್ಲ್ಯಾಶ್ ಮೆಮೊರಿಯೇ ಆದರೂ ಸಾಮಾನ್ಯವಾಗಿ ಇವುಗಳಿಗೆ ಟ್ರಿಮ್ ಹೋಗುವುದಿಲ್ಲ, ಹಾಗಾಗಿ ಮರಳಿ ಪಡೆಯುವ ಅವಕಾಶ ಚೆನ್ನಾಗಿಯೇ ಇರುತ್ತದೆ. ಇವುಗಳಲ್ಲಿ ಎನ್‌ಟಿಎಫ್‌ಎಸ್ ಬದಲು ಹಲವೆಡೆ ಇರುವ ಫ್ಯಾಟ್32 ವ್ಯವಸ್ಥೆಯಲ್ಲಿ ಫೈಲು ಅಳಿಸಿದಾಗ ಹೆಸರಿನ ಮೊದಲ ಅಕ್ಷರ ಅಳಿಸಿಹೋಗುತ್ತದೆ, ಕ್ಲಸ್ಟರುಗಳ ಕೊಂಡಿಯೂ ಕಳಚಿಹೋಗುತ್ತದೆ. ಆದರೆ ಕ್ಯಾಮೆರಾ ಚಿತ್ರಗಳನ್ನು ಒಂದರ ನಂತರ ಒಂದರಂತೆ ಬರೆಯುವುದರಿಂದ ಹೆಚ್ಚಿನವು ಅಖಂಡವಾಗಿದ್ದು, ಫೋಟೊರೆಕ್ ಅವುಗಳನ್ನು ಸಲೀಸಾಗಿ ಎತ್ತಿಕೊಡುತ್ತದೆ. ಕಾರ್ಡನ್ನು ಕೂಡಲೇ ಕ್ಯಾಮೆರಾದಿಂದ ಹೊರತೆಗೆಯಬೇಕು, ಇನ್ನೊಂದು ಚಿತ್ರವನ್ನೂ ತೆಗೆಯಬಾರದು. ಕಾರ್ಡ್ ಜೋಡಿಸಿದಾಗ ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ಕೇಳಿದರೆ ಬೇಡವೆನ್ನಿ. ತಪ್ಪಿ ಕ್ವಿಕ್ ಫಾರ್ಮ್ಯಾಟ್ ಆಗಿಹೋಗಿದ್ದರೂ ಭರವಸೆ ಉಂಟು, ಆದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುವುದೇ ಆಗಿದೆ.

ಚೆಕ್ ಡಿಸ್ಕ್ ನಡೆಸಿ ನೋಡಿ ಎಂಬ ಸಲಹೆಯೂ ಕೇಳಿಬರುತ್ತದೆ. ಅದು ಫೈಲುಗಳ ವ್ಯವಸ್ಥೆಯನ್ನು ಸರಿಪಡಿಸುವ ಉಪಕರಣ, ನಿಮ್ಮ ಮಾಹಿತಿಯನ್ನು ರಕ್ಷಿಸುವುದು ಅದರ ಕೆಲಸವಲ್ಲ. ಹೊಂದಿಕೆಯಾಗದ ದಾಖಲೆಗಳನ್ನು ಅದು ತೆಗೆದುಹಾಕುತ್ತದೆ, ಆ ದಾಖಲೆಗಳೇ ರಿಕವರಿಗೆ ಬೇಕಾದವು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅಥವಾ ಓದುವಾಗ ಮತ್ತೆ ಮತ್ತೆ ಸ್ಥಗಿತವಾಗುತ್ತಿದ್ದರೆ ಅದು ಅಳಿಸಿದ ಫೈಲಿನ ಸಮಸ್ಯೆಯಲ್ಲ, ಯಂತ್ರಭಾಗದ ದೋಷ. ಸಾಫ್ಟ್‌ವೇರಿನಿಂದ ಗಂಟೆಗಟ್ಟಲೆ ಜಾಲಾಡಿಸಿದಷ್ಟೂ ತಟ್ಟೆಗಳಿಗೆ ಹಾನಿ ಹೆಚ್ಚುತ್ತದೆ. ಅಂಥದ್ದನ್ನು ತಕ್ಷಣ ಆರಿಸಿ, ಮಾಹಿತಿಗೆ ಅಷ್ಟು ಬೆಲೆಯಿದ್ದರೆ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕೊಡಬೇಕು. ಮನೆಯಲ್ಲಿ ಮುಚ್ಚಳ ಬಿಚ್ಚಬಾರದು.

ಮೊಬೈಲ್ ಫೋನಿನ ಒಳಗಿನ ಮೆಮೊರಿಯಿಂದ ಅಳಿಸಿದ್ದನ್ನು ತಂದುಕೊಡುತ್ತೇವೆನ್ನುವ ಆ್ಯಪ್‌ಗಳನ್ನು ನಂಬದಿರುವುದು ಕ್ಷೇಮ. ಈಚಿನ ಫೋನುಗಳಲ್ಲಿ ಮಾಹಿತಿ ಎನ್‌ಕ್ರಿಪ್ಟ್ ಆಗಿರುತ್ತದೆ, ಟ್ರಿಮ್‌ನಂತಹ ವ್ಯವಸ್ಥೆಯೂ ಇರುತ್ತದೆ, ಮೇಲಾಗಿ ಸಾಮಾನ್ಯ ಆ್ಯಪ್‌ಗೆ ಖಾಲಿ ಜಾಗವನ್ನು ನೇರವಾಗಿ ಓದುವ ಅನುಮತಿಯೇ ಇಲ್ಲ. ಅವು ಮರಳಿ ತಂದೆವೆಂದು ತೋರಿಸುವ ಮಸುಕು ಚಿತ್ರಗಳು ಬಹುತೇಕ ಗ್ಯಾಲರಿಯ ಕ್ಯಾಶ್‌ನಲ್ಲಿ ಉಳಿದಿದ್ದ ಥಂಬ್‌ನೇಲ್‌ಗಳು. ಫೋನಿನಲ್ಲಿ ಪ್ರತ್ಯೇಕ ಮೆಮೊರಿ ಕಾರ್ಡ್ ಇದ್ದು ಚಿತ್ರಗಳು ಅದರಲ್ಲಿದ್ದರೆ ಮಾತ್ರ, ಕಾರ್ಡನ್ನು ಹೊರತೆಗೆದು ಕಂಪ್ಯೂಟರಿಗೆ ಜೋಡಿಸಿ ಮೇಲಿನ ಕ್ರಮವನ್ನೇ ಅನುಸರಿಸಬಹುದು.

ಫೈಲುಗಳು ಸಿಕ್ಕಿದವೆಂದರೂ ಹಳೆಯ ಡಿಸ್ಕನ್ನು ಕೂಡಲೇ ಬಳಕೆಗೆ ತರಬೇಡಿ. ಪ್ರತಿಯೊಂದು ಫೈಲನ್ನೂ ತೆರೆದು, ದೊಡ್ಡ ದಾಖಲೆಗಳಾದರೆ ಕೊನೆಯ ಪುಟದವರೆಗೆ, ವಿಡಿಯೊಗಳಾದರೆ ಮಧ್ಯಭಾಗವನ್ನೂ ನೋಡಿ ಖಚಿತಪಡಿಸಿಕೊಳ್ಳಬೇಕು. ವರ್ಡ್ ಫೈಲು ತೆರೆಯದೆ ಹಾಳಾಗಿದೆ ಎಂಬ ಸಂದೇಶ ಬಂದರೆ, ಅದನ್ನು ರಿಪೇರಿ ಸಾಫ್ಟ್‌ವೇರಿಗೆ ಕೊಡುವ ಮುನ್ನ ಫೈಲಿನ ಬೈಟುಗಳನ್ನು ಇದ್ದ ಹಾಗೆಯೇ ತೋರಿಸುವ ಹೆಕ್ಸ್ ಎಡಿಟರ್ ಒಂದರಲ್ಲಿ ತೆರೆದು ನೋಡಿ: ಮೊದಲಿನಿಂದ ಕೊನೆಯವರೆಗೆ ಬರೀ ಸೊನ್ನೆಗಳೇ ಇದ್ದರೆ ರಿಪೇರಿ ಮಾಡಲು ಅದರೊಳಗೆ ಏನೂ ಉಳಿದಿಲ್ಲ. ಸೊನ್ನೆಗಳ ಬದಲು ಬೇರೆ ಬೈಟುಗಳಿದ್ದರೆ, ಅದೇ ಡಿಸ್ಕಿನ ಮೇಲೆ ಎರಡನೆಯ ದಾರಿಯಲ್ಲಿ ಇನ್ನೊಮ್ಮೆ ಹುಡುಕಿ ನೋಡಲು ಅರ್ಥವಿದೆ.