ಜನ್ಮಜಾತ ಸಿಎಂವಿ: ಓಎಇ (ನವಜಾತರ ಶ್ರವಣ ತಪಾಸಣೆ) ಪಾಸಾದ ಮಗುವನ್ನೂ ಬಿಡಬೇಡಿ

ಸೈಟೊಮೆಗಾಲೊವೈರಸ್ (ಸಿಎಂವಿ) ಸೋಂಕಿನೊಂದಿಗೆ ಹುಟ್ಟುವ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಹುಟ್ಟುವಾಗ ಚೆನ್ನಾಗಿಯೇ ಕಾಣುತ್ತವೆ. ಕಾಮಾಲೆ, ಚರ್ಮದ ಮೇಲೆ ಕೆಂಪು ಚುಕ್ಕೆ, ಚಿಕ್ಕ ತಲೆ, ಊದಿದ ಯಕೃತ್ತು-ಗುಲ್ಮ ಇವೆಲ್ಲ ಉಳಿದ ಒಂದು ಮಗುವಿನ ಲಕ್ಷಣ. ವೈದ್ಯಕೀಯ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ನಾವು ಬರೆಯುವುದು ಆ ಒಂದರ ಬಗ್ಗೆ, ಕೈತಪ್ಪಿ ಹೋಗುವುದು ಆ ಒಂಬತ್ತು. ಲಕ್ಷಣವೇ ಇಲ್ಲದ ಈ ಗುಂಪಿನಲ್ಲೂ ಶೇ 10ರಿಂದ 15ರಷ್ಟು ಮಕ್ಕಳಿಗೆ ಶ್ರವಣದೋಷ ಕಾಣಿಸಿಕೊಳ್ಳುತ್ತದೆ.

ತಾಯಿಯ ಐಜಿಜಿ (ಹಿಂದೆ ಸೋಂಕು ಬಂದುಹೋದುದನ್ನು ತೋರಿಸುವ ಪ್ರತಿಕಾಯ) ಪಾಸಿಟಿವ್ ಇದ್ದರೆ ಮಗು ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಭಾರತದಲ್ಲಿ ಬಹುತೇಕ ತಾಯಂದಿರಿಗೆ ಬಾಲ್ಯದಲ್ಲೇ ಸೋಂಕು ತಗುಲಿರುತ್ತದೆ. ಹಳೆಯ ವೈರಸ್ ಮತ್ತೆ ಎಚ್ಚರಗೊಂಡರೆ ಅಥವಾ ಬೇರೆ ತಳಿ ಸೇರಿಕೊಂಡರೆ ಅದು ಮಗುವಿಗೂ ದಾಟಬಲ್ಲದು.

ರೋಗ ಪತ್ತೆಗೆ 21 ದಿನಗಳ ಗಡುವಿದೆ. ಅಷ್ಟರೊಳಗೆ ಮೂತ್ರ ಅಥವಾ ಜೊಲ್ಲಿನ ಪಿಸಿಆರ್ (ವೈರಸ್ಸಿನ ಡಿಎನ್‌ಎ ಹುಡುಕುವ ಪರೀಕ್ಷೆ) ಆಗಬೇಕು. ಆಮೇಲೆ ಪಾಸಿಟಿವ್ ಬಂದರೆ ಸೋಂಕು ಗರ್ಭದಲ್ಲೇ ಬಂತೋ ಎದೆಹಾಲಿನಿಂದ ಬಂತೋ ಹೇಳಲಾಗದು. ಜೊಲ್ಲನ್ನು ಹಾಲು ಕುಡಿದು ಒಂದು ಗಂಟೆಯಾದರೂ ಕಳೆದ ಮೇಲೆ, ಕೆನ್ನೆಯ ಒಳಬದಿಯಿಂದ ತೆಗೆಯಿರಿ. ಬೇಗ ತೆಗೆದರೆ ಹಾಲಿನಲ್ಲಿರುವ ವೈರಸ್ಸೇ ಪಾಸಿಟಿವ್ ತೋರಿಸಬಹುದು, ಹಾಗಾಗಿ ಮೂತ್ರದಿಂದ ಖಚಿತಪಡಿಸಿಕೊಳ್ಳಿ. ಗಡುವು ದಾಟಿದ್ದರೆ, ಹುಟ್ಟಿದಾಗ ಹಿಮ್ಮಡಿಯಿಂದ ತೆಗೆದು ಕಾರ್ಡಿನಲ್ಲಿ ಒಣಗಿಸಿಟ್ಟ ರಕ್ತದ ಚುಕ್ಕೆ ನೆರವಾದೀತು. ಆದರೆ ಅದು ನೆಗೆಟಿವ್ ಬಂದರೆ ಸೋಂಕಿಲ್ಲ ಎಂದು ಅರ್ಥವಲ್ಲ.

ಔಷಧಿ ವಾಲ್‌ಗ್ಯಾನ್ಸಿಕ್ಲೊವಿರ್, ಅದೂ ಮುಖ್ಯವಾಗಿ ಸ್ಪಷ್ಟ ಲಕ್ಷಣಗಳಿರುವ ಮಕ್ಕಳಿಗೆ. ಪ್ರತಿ ಕಿಲೋಗೆ 16 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 6 ತಿಂಗಳು, ಸಾಧ್ಯವಾದಷ್ಟು ಮೊದಲ ತಿಂಗಳೊಳಗೇ ಶುರು. 3.5 ಕಿಲೋ ಮಗುವಿಗೆ ಒಂದು ಸಲಕ್ಕೆ 56 ಮಿಲಿಗ್ರಾಂ. ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 1.1 ಮಿಲಿಲೀಟರ್. ತೂಕ ಏರಿದಂತೆ ಡೋಸ್ ತಿದ್ದದಿದ್ದರೆ ಮೂರನೇ ತಿಂಗಳಿಗೇ ಅದು ಸಾಲದಾಗುತ್ತದೆ. ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ) ಕುಸಿಯುವುದು ದೊಡ್ಡ ತೊಂದರೆ: ಮೊದಲ 6 ವಾರ ವಾರಕ್ಕೊಮ್ಮೆ ಎಣಿಸಿ, ಮೈಕ್ರೊಲೀಟರಿಗೆ 500ಕ್ಕಿಂತ ಕೆಳಗಿಳಿದರೆ ಔಷಧಿ ತಾತ್ಕಾಲಿಕವಾಗಿ ನಿಲ್ಲಿಸಿ. ಮನೆಯಲ್ಲಿ ಗರ್ಭಿಣಿಯಿದ್ದರೆ ಈ ಸಿರಪ್ ಮುಟ್ಟಬಾರದೆಂದು ಮೊದಲ ದಿನವೇ ತಿಳಿಸಿ.

ಇನ್ನು ಕಿವಿ. ಓಎಇ ಪಾಸ್ ಎಂದರೆ ಒಳಕಿವಿಯ ಹೊರ ರೋಮಕೋಶಗಳು ಅಂದು ಕೆಲಸ ಮಾಡುತ್ತಿದ್ದವು, ಅಷ್ಟೇ. ಸಿಎಂವಿ ತರುವ ಶ್ರವಣದೋಷ ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ ಶುರುವಾಗಬಹುದು, ಒಂದೇ ಕಿವಿಗೆ ಬಂದು ನಿಧಾನವಾಗಿ ಹೆಚ್ಚಬಹುದು. ಒಂದು ಕಿವಿ ಕೇಳುವ ಮಗು ಕರೆದರೆ ತಿರುಗುತ್ತದೆ, ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಆದ್ದರಿಂದ ಮೊದಲ 3 ವರ್ಷ 6 ತಿಂಗಳಿಗೊಮ್ಮೆ, ಮುಂದೆ ಶಾಲೆ ಸೇರುವವರೆಗಾದರೂ ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ಪುಟ್ಟ ಮಗುವಿಗೆ ನಿದ್ದೆಯಲ್ಲಿ ಬೇರಾ (ಶಬ್ದಕ್ಕೆ ಶ್ರವಣ ನರ ಮತ್ತು ಮಿದುಳಕಾಂಡದ ಸ್ಪಂದನೆ ಅಳೆಯುವ ಪರೀಕ್ಷೆ), ದೊಡ್ಡದಾದಂತೆ ಆಟದ ಮೂಲಕ ಆಡಿಯೊಮೆಟ್ರಿ (ಎಷ್ಟು ಮೆಲ್ಲನೆಯ ಶಬ್ದ ಕೇಳುತ್ತದೆ ಎಂದು ಅಳೆಯುವುದು). ಇವೆರಡೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತವೆ.

ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು ತಡವಾದರೆ ಮಿದುಳನ್ನಷ್ಟೇ ಶಂಕಿಸಬೇಡಿ. ವೈರಸ್ ಒಳಕಿವಿಯ ಸಮತೋಲನದ ಅಂಗವನ್ನೂ ಹಾಳುಮಾಡಬಲ್ಲದು. ನಡೆಯುವ ಮಗು ಕತ್ತಲಲ್ಲಿ, ಮೆತ್ತನೆಯ ಹಾಸಿಗೆಯ ಮೇಲೆ ಪದೇ ಪದೇ ಮುಗ್ಗರಿಸುತ್ತದೆಯೇ ಎಂದು ತಾಯಿಯನ್ನು ಕೇಳಿ.