ಅಂಚೆಯಲ್ಲಿ ಮತಪತ್ರ ಬಂದರೂ ಮತಗಟ್ಟೆ ಬೇಕು

ಅಮೆರಿಕದ ಮಿಲ್ವಾಕಿ ನಗರದಲ್ಲಿ ಸಾಮಾನ್ಯವಾಗಿ 180 ಮತಗಟ್ಟೆಗಳಿರುತ್ತಿದ್ದವು. 2020ರ ಏಪ್ರಿಲ್ 7ರಂದು ತೆರೆದದ್ದು ಐದು ಮಾತ್ರ. ಕೊರೊನಾ ಸೋಂಕಿಗೆ ಹೆದರಿ ಚುನಾವಣಾ ಸಿಬ್ಬಂದಿ ಹಿಂದೆ ಸರಿದಿದ್ದರು. ಅಂಚೆ ಮತಪತ್ರಕ್ಕೆ ಅರ್ಜಿ ಹಾಕಿ ಕಾದಿದ್ದ ಹಲವರು, ಅದು ಕೈಸೇರದೆ, ಮುಖಗವಸು ಕಟ್ಟಿಕೊಂಡು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಅಂಚೆ, ಮತಗಟ್ಟೆ ಎರಡೂ ಒಟ್ಟಿಗೆ ಕೈಕೊಟ್ಟ ದಿನ ಅದು.

ಅಂಚೆ ಮತದಾನ ಅಲ್ಲಿ ಕೊರೊನಾ ಕಾಲದಲ್ಲಿ ಹುಟ್ಟಿದ್ದಲ್ಲ. 1864ರಲ್ಲಿ, ಅಂತರ್ಯುದ್ಧದ ನಡುವೆಯೇ, ಉತ್ತರದ ಹಲವು ರಾಜ್ಯಗಳ ಸೈನಿಕರು ಊರಿನಿಂದ ದೂರವಿದ್ದುಕೊಂಡೇ ಅಧ್ಯಕ್ಷರ ಆಯ್ಕೆಗೆ ಮತ ಹಾಕಿದ್ದರು. ಉಳಿದವರು ಮಾತ್ರ ಬಹುಕಾಲ ಕಾಯಿಲೆ, ಪ್ರಯಾಣದಂತಹ ಕಾರಣ ಹೇಳಬೇಕಿತ್ತು. ಕಾರಣ ಕೇಳುವುದನ್ನು ಕ್ಯಾಲಿಫೋರ್ನಿಯಾ 1978ರಲ್ಲಿ ಕೈಬಿಟ್ಟಿತು. ಒರೆಗಾನ್ ಮತದಾರರು 1998ರಲ್ಲಿ ಇನ್ನೂ ಮುಂದೆ ಹೋಗಿ, ಅಂಚೆಯಲ್ಲೇ ಚುನಾವಣೆ ನಡೆಯಲಿ ಎಂದು ತೀರ್ಪು ಕೊಟ್ಟರು.

ಒರೆಗಾನ್‌ಗೆ ಒಗ್ಗಿದ್ದು ಎಲ್ಲೆಡೆ ಒಗ್ಗಲಿಲ್ಲ. ಯೂಟಾ ರಾಜ್ಯದ ಸ್ಯಾನ್ ವಾನ್ ಕೌಂಟಿ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) 2014ರಲ್ಲಿ ಅಂಚೆ ಮತದಾನಕ್ಕೆ ಹೊರಳಿ, ಮತಗಟ್ಟೆಗಳನ್ನು ಮುಚ್ಚಿ, ಕೌಂಟಿ ಕೇಂದ್ರವಾದ ಮಾಂಟಿಸೆಲ್ಲೊದಲ್ಲಿ ಒಂದನ್ನಷ್ಟೇ ಉಳಿಸಿತು. ಅಲ್ಲಿನ ನವಾಹೊ ಮೂಲನಿವಾಸಿಗಳಲ್ಲಿ ಅನೇಕರ ಮನೆಗೆ ಬೀದಿ ಹೆಸರಿಲ್ಲ, ಬಾಗಿಲಿಗೆ ಅಂಚೆ ಬರುವುದಿಲ್ಲ. ಪತ್ರ ಬೇಕೆಂದರೆ ದೂರದ ಅಂಚೆ ಕಚೇರಿಯಲ್ಲಿರುವ ತಮ್ಮ ಪೆಟ್ಟಿಗೆಗೆ ಹೋಗಬೇಕು. ಇಂಗ್ಲಿಷ್ ಬಾರದ ಹಿರಿಯರಿಗೆ ಮತಪತ್ರವನ್ನು ನವಾಹೊ ಭಾಷೆಯಲ್ಲಿ ಬಾಯಲ್ಲೇ ವಿವರಿಸುವವರು ಬೇಕು. ಲಕೋಟೆ ಆ ಕೆಲಸ ಮಾಡೀತೇ? ನವಾಹೊ ಜನರು 2016ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2018ರ ರಾಜಿಯಲ್ಲಿ ಅವರ ನೆಲದಲ್ಲಿ ಮತಗಟ್ಟೆಗಳೂ ಭಾಷಾ ನೆರವೂ ಖಾತ್ರಿಯಾದವು. ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಪ್ರಕರಣ ಇದೇ.

ಅಂಚೆ ಮತದಲ್ಲಿ ಅಕ್ರಮವೇ ಇಲ್ಲ ಎನ್ನುವುದೂ ಸರಿಯಲ್ಲ. ನಾರ್ತ್ ಕ್ಯಾರೊಲಿನಾ ರಾಜ್ಯದ 9ನೇ ಸಂಸತ್ ಕ್ಷೇತ್ರದಲ್ಲಿ 2018ರಲ್ಲಿ ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ನೇಮಕಗೊಂಡಿದ್ದವರು ಮತದಾರರಿಂದ ಮತಪತ್ರಗಳನ್ನು ಅಕ್ರಮವಾಗಿ ಸಂಗ್ರಹಿಸಿದ್ದರು. ಲಕೋಟೆಗಳ ಮೇಲೆ ಸಾಕ್ಷಿಗಳ ಅವೇ ಸಹಿಗಳು ಮತ್ತೆ ಮತ್ತೆ ಕಂಡು ಸಂಶಯ ಬಲಿಯಿತು, ಮರುಚುನಾವಣೆ ನಡೆಯಿತು.

ಎರಡೂ ದಾರಿಗಳನ್ನು ಒಟ್ಟಿಗೆ ಇಟ್ಟುಕೊಂಡದ್ದು ಕೊಲರಾಡೊ. 2013ರ ಕಾನೂನಿನಂತೆ ನೋಂದಾಯಿತ ಮತದಾರರೆಲ್ಲರಿಗೂ ಮತಪತ್ರ ಮನೆಗೇ ಬರುತ್ತದೆ. ತುಂಬಿದ ಲಕೋಟೆಯ ಮೇಲಿನ ಸಹಿಯನ್ನು ಕಡತದಲ್ಲಿರುವ ಸಹಿಯೊಂದಿಗೆ ಹೋಲಿಸುತ್ತಾರೆ. ಹೊಂದದಿದ್ದರೆ ಮತವನ್ನು ಸುಮ್ಮನೆ ತಳ್ಳಿಹಾಕುವುದಿಲ್ಲ, ಮತದಾರರಿಗೆ ತಿಳಿಸಿ ಸರಿಪಡಿಸಲು ಅವಕಾಶ ಕೊಡುತ್ತಾರೆ. ಅದರ ಜೊತೆಗೇ ಕೌಂಟಿಗಳಲ್ಲಿ ಮತದಾನ ಕೇಂದ್ರಗಳು ತೆರೆದಿರುತ್ತವೆ. ಹೆಸರು ನೋಂದಾಯಿಸದವರು ಅದೇ ದಿನ ನೋಂದಾಯಿಸಿ ಮತ ಹಾಕಬಹುದು. ಕಣ್ಣು ಕಾಣದವರು ಯಂತ್ರದ ನೆರವಿನಿಂದ, ಇನ್ನೊಬ್ಬರ ಕೈಗೆ ಗುಟ್ಟು ಒಪ್ಪಿಸದೆ, ಮತ ಗುರುತಿಸಬಹುದು.

ಕೊಲರಾಡೊದಲ್ಲಿ ಲಕೋಟೆಯು ಚುನಾವಣೆಯ ದಿನ ಸಂಜೆ 7ರೊಳಗೆ ಅಧಿಕಾರಿಗಳ ಕೈಸೇರಬೇಕು. ಅಂಚೆ ಮುದ್ರೆಯ ದಿನಾಂಕಕ್ಕೆ ಬೆಲೆಯಿಲ್ಲ. ತಡವಾಯಿತೆಂದು ಗಾಬರಿಯಾದವರು ಕೇಂದ್ರಕ್ಕೆ ನಡೆದರೆ ಸಾಕು. ಏಳಕ್ಕೆ ಸಾಲಿನಲ್ಲಿದ್ದವರೆಲ್ಲರೂ ಮತ ಹಾಕಿಯೇ ಮನೆಗೆ ಹೋಗುತ್ತಾರೆ.