ಡೊಳ್ಳು ಬಡಿದಾಗ ಮಾತ್ರ ಆಫ್ ಆಗುವ ಆಂಪ್

ಕಳೆದ ವಾರ ಒಬ್ಬರು ಕಾರು ತಂದರು. ಸಣ್ಣ ದನಿಯಲ್ಲಿ ಹಾಡು ಚೆನ್ನಾಗಿಯೇ ಬರುತ್ತದೆ. ವಾಲ್ಯೂಮ್ ಏರಿಸಿ ಡೊಳ್ಳಿನ ಏಟು ಬಿತ್ತೋ, ಆಂಪ್ (ಸ್ಪೀಕರಿಗೆ ಬಲ ಕೊಡುವ ಆಂಪ್ಲಿಫೈಯರ್) ಆಫ್. ಸ್ವಲ್ಪ ಹೊತ್ತಿಗೆ ತಾನೇ ಆನ್. ಬೇರೆಲ್ಲೋ ತೋರಿಸಿ ಆಂಪ್ ಬದಲಿಸಿಯೂ ಆಗಿತ್ತು. ಹೊಸದರದ್ದೂ ಅದೇ ಆಟ.

ಡಿಕ್ಕಿ ತೆಗೆದು ನೋಡಿದೆ. ಆಂಪಿನ ಮೈನಸ್ಸನ್ನು ಕಾರಿನ ಬಾಡಿಗೆ ಸೇರಿಸುವ ಅರ್ಥ್ ವೈರನ್ನು ಪೇಂಟಿನ ಮೇಲೆಯೇ ಸ್ಕ್ರೂ ಹಾಕಿ ಕೂರಿಸಿದ್ದರು. "ಮೀಟರ್ ಬೀಪ್ ಅಂತಿದೆಯಲ್ಲಾ ಸಾರ್" ಎಂದರು ಅವರು. ಬೀಪ್ ಬಂದರೆ ವೈರ್ ತುಂಡಾಗಿಲ್ಲ ಅಂತಷ್ಟೇ. 500 ವಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಪವರ್) ಆಂಪ್ ಪೂರ್ತಿ ದುಡಿಯುವಾಗ ಸುಮಾರು 45 ಆಂಪಿಯರ್ ಎಳೆಯುತ್ತದೆ. ಸ್ಕ್ರೂ ಬುಡದಲ್ಲಿ ಬರೀ 0.05 ಓಮ್ ಅಡ್ಡಿ ಇದ್ದರೂ ಎರಡು ವೋಲ್ಟ್‌ಗಿಂತ ಜಾಸ್ತಿ ಅಲ್ಲೇ ಹೋಯಿತು. ವೋಲ್ಟ್ ಸಾಲದೆ ಆಂಪ್ ಆಫ್. ಸಾಮಾನ್ಯ ಮೀಟರಿನ ಓಮ್ ರೇಂಜಿಗೆ ಅಷ್ಟು ಸಣ್ಣದು ಕಾಣುವುದೇ ಇಲ್ಲ. ಅದರ ಪ್ರೋಬ್ ವೈರಿನದೇ ಅದಕ್ಕಿಂತ ಜಾಸ್ತಿ ಇರುತ್ತೆ!

ಅದಕ್ಕೇ ಹಾಡು ಹಾಕಿಕೊಂಡೇ ಅಳೆಯಬೇಕು. ಎಂಜಿನ್ ಓಡುತ್ತಿರಲಿ, ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಪ್ರೋಬ್ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆಂಪಿನ ಅರ್ಥ್ ಟರ್ಮಿನಲ್‌ಗೆ. ನಾನಂತೂ ಇದಕ್ಕೆಂದೇ ಐದು ಮೀಟರ್ ಉದ್ದದ ವೈರ್ ಇಟ್ಟುಕೊಂಡಿದ್ದೇನೆ. ಬೇಸ್ (ಡೊಳ್ಳಿನಂಥ ತಗ್ಗು ದನಿ) ಬಡಿಯುವಾಗ 0.2 ವೋಲ್ಟ್ ಒಳಗಿದ್ದರೆ ಪರವಾಗಿಲ್ಲ. ಈ ಕಾರಿನಲ್ಲಿ 1.9 ಬಂತು. ಪೇಂಟನ್ನು ಹೊಳೆಯುವ ತಗಡು ಕಾಣುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ವೈರ್ ತುದಿಗೆ ಲಗ್ (ಬೋಲ್ಟ್ ತೂರುವ ಲೋಹದ ಬಳೆ) ಹಾಕಿ ಬೋಲ್ಟ್ ಬಿಗಿದೆ. 0.1ಕ್ಕೆ ಇಳಿಯಿತು. ಸುಲಭ ಅಂತ ಸೀಟ್ ಬೆಲ್ಟ್ ಬೋಲ್ಟಿಗೆ ಮಾತ್ರ ಅರ್ಥ್ ಕೊಡಬೇಡಿ. ಅದು ಜೀವ ಉಳಿಸುವ ಬೋಲ್ಟ್.

ಅರ್ಥ್ ಸರಿಯಿದ್ದೂ ಆಂಪ್ ಪ್ರೊಟೆಕ್ಟ್‌ಗೆ ಹೋದರೆ (ಕೆಂಪು ದೀಪ ಉರಿಸಿ ತಾನೇ ದನಿ ನಿಲ್ಲಿಸಿದರೆ) ಸಬ್‌ನ, ಅಂದರೆ ಬೇಸ್ ಕೊಡುವ ದೊಡ್ಡ ಸ್ಪೀಕರಿನ, ವೈರ್ ಬಿಚ್ಚಿ ಆನ್ ಮಾಡಿ. ಆಗಲೂ ಕೆಂಪು ದೀಪ ಉರಿದರೆ ಸಬ್‌ನ ತಪ್ಪಲ್ಲ. ಆರಿದರೆ ಓಮ್ ಲೆಕ್ಕ ನೋಡಿ. 4 ಓಮ್‌ನ ಎರಡು ಕಾಯಿಲ್ (ಕೋನನ್ನು ಅಲುಗಿಸುವ ತಂತಿ ಸುರುಳಿ) ಇರುವ ಸಬ್ ಪ್ಯಾರಲಲ್‌ನಲ್ಲಿ 2 ಓಮ್, ಸೀರೀಸ್‌ನಲ್ಲಿ 8. ಅಂಥ ಎರಡು ಸಬ್‌ಗಳನ್ನು ಪೂರ್ತಿ ಪ್ಯಾರಲಲ್ ಮಾಡಿದರೆ 1 ಓಮ್. 2 ಓಮ್‌ವರೆಗೆ ತಡೆಯುವ ಆಂಪ್ ಅದನ್ನು ಸಹಿಸುವುದಿಲ್ಲ.

ಇನ್ನೊಂದು ಕಾಟ ಇದೆ. ದೀಪ ಹಸಿರು, ಓಮ್ ಸರಿ, ಆದರೆ ಬೇಸೇ ಇಲ್ಲ. ಆಂಪಿನಿಂದ ಬಿಚ್ಚಿದ ವೈರ್ ತುದಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಪ್ಲಸ್‌ಗೆ ಪ್ಲಸ್. ಕೋನ್ (ಸ್ಪೀಕರಿನ ಅಲುಗುವ ಮುಂಭಾಗ) ಹೊರಗೆ ಜಿಗಿಯಬೇಕು. ಮಿಸುಕದಿದ್ದರೆ ಎರಡು ಕಾಯಿಲ್‌ಗಳಲ್ಲಿ ಒಂದು ಉಲ್ಟಾ ಆಗಿದೆ, ಒಂದನ್ನೊಂದು ಜಗ್ಗುತ್ತಿವೆ. ಬಾಕ್ಸ್ ಬಿಚ್ಚಿ ಒಂದು ಜೋಡಿ ವೈರ್ ಅದಲು ಬದಲು ಮಾಡಿ, ಮತ್ತೆ ಸೆಲ್ ಮುಟ್ಟಿಸಿ ನೋಡಿ.